ಚಂಡೀಗಢದ ಬೆತ್ತದ ಕುರ್ಚಿ: ಹಳೆಯದೋ, ಮರುತಯಾರಿಯೋ, ಊರಿನ ಆಚಾರಿ ಮಾಡಿದ್ದೋ?

ತೇಗದ ಎರಡು ಕಾಲುಗಳು ಕೈಯಾಸರೆಯ ಅಡಿಯಲ್ಲಿ ಕೂಡಿಕೊಂಡು, ಕೆಳಕ್ಕೆ ಬರುತ್ತ ಸಣ್ಣಗಾಗುತ್ತ ಅಗಲಕ್ಕೆ ತೆರೆದುಕೊಂಡು, ಜ್ಯಾಮಿಟ್ರಿ ಪೆಟ್ಟಿಗೆಯ ಕೈವಾರವನ್ನು ನೆಲದ ಮೇಲೆ ನಿಲ್ಲಿಸಿದಂತೆ ಕಾಣುತ್ತವೆ. ಅಂಥ ಎರಡು ಜೋಡಿಗಳ ನಡುವೆ ಬೆತ್ತ ನೇಯ್ದ ಸೀಟು, ಅದರ ಹಿಂದೆ ತುಸು ವಾಲಿದ ಬೆತ್ತದ ಒರಗು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಕೆಫೆಗಳಲ್ಲಿ, ಹೋಟೆಲುಗಳ ಲಾಬಿಗಳಲ್ಲಿ, ಹೊಸದಾಗಿ ಕಟ್ಟಿಸಿದ ಮನೆಗಳ ಹಜಾರಗಳಲ್ಲಿ ಕಣ್ಣಿಗೆ ಬೀಳುತ್ತಿರುವ ಈ ಕುರ್ಚಿಯನ್ನು ಮೊದಲು ಮಾಡಿಸಿದ್ದು ಚಂಡೀಗಢದ ಗುಮಾಸ್ತರು, ವಕೀಲರು, ವಿದ್ಯಾರ್ಥಿಗಳು ಕೂರಲೆಂದು. ಸರ್ಕಾರಿ ಕಚೇರಿಯ ದಿನನಿತ್ಯದ ಬಳಕೆಯೇ ಅದರ ಹುಟ್ಟಿನ ಕಾರಣ.

ಈ ಕುರ್ಚಿ ತಮ್ಮ ಮನೆಗೂ ಬೇಕೆನಿಸಿದವರ ಮುಂದೆ ಇವತ್ತು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಚಂಡೀಗಢದ ಕಚೇರಿಗಳಿಂದ ಹೊರಬಿದ್ದ ಹಳೆಯ ಕುರ್ಚಿಯನ್ನೇ ಕೊಳ್ಳುವುದು ಒಂದು. ಇಟಲಿಯ ಕಂಪನಿಯೊಂದು ತಯಾರಿಸುವ ಮರುತಯಾರಿ ಇನ್ನೊಂದು. ಬೆಂಗಳೂರಿನಲ್ಲೇ ಕೈಯಿಂದ ತಯಾರಾಗುವ ಮರುತಯಾರಿ ಮೂರನೆಯದು. ಊರಿನ ಆಚಾರಿಯಿಂದ ಮಾಡಿಸಿಕೊಳ್ಳುವುದು ಅಥವಾ ಆನ್‌ಲೈನ್ ಅಂಗಡಿಯ ಅಗ್ಗದ ನಕಲನ್ನು ತರಿಸಿಕೊಳ್ಳುವುದು ನಾಲ್ಕನೆಯದು. ಇವುಗಳನ್ನು ಹೋಲಿಸುವಾಗ ಹೆಚ್ಚಿನವರು ಹೆಸರು ಮತ್ತು ಬೆಲೆಯಿಂದ ಶುರುಮಾಡುತ್ತಾರೆ. ನಾನು ಬೇರೊಂದು ಪ್ರಶ್ನೆಯಿಂದ ಶುರುಮಾಡಲು ಹೇಳುತ್ತೇನೆ: ಹತ್ತು ವರ್ಷದ ಮೇಲೆ ಬೆತ್ತ ಹರಿದಾಗ ಅಥವಾ ಕಾಲು ಅಲುಗಾಡಿದಾಗ, ಈ ಕುರ್ಚಿಯನ್ನು ನಿಮ್ಮ ಊರಿನಲ್ಲಿ ಸರಿಮಾಡಲು ಆಗುತ್ತದೆಯೇ? ಈ ಪ್ರಶ್ನೆ ಯಾಕೆ ಮುಖ್ಯವೆಂಬುದು ಕುರ್ಚಿಯ ಇತಿಹಾಸದಲ್ಲೇ ಇದೆ.

ಕಚೇರಿಗಾಗಿ ಮಾಡಿದ ಕುರ್ಚಿ

ದೇಶವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಸೇರಿದ್ದರಿಂದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. 1951ರಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಅದನ್ನು ರೂಪಿಸುವ ಕೆಲಸವನ್ನು ಕೈಗೆತ್ತಿಕೊಂಡರು. ಅವರು ಪ್ಯಾರಿಸ್‌ನಿಂದ ಆಗಾಗ ಬಂದುಹೋಗುತ್ತಿದ್ದರೆ, ಅವರ ದಾಯಾದಿ ಪಿಯೇರ್ ಜಾನ್ನರೆ ಚಂಡೀಗಢದಲ್ಲೇ ನೆಲೆನಿಂತು 1965ರವರೆಗೆ ದುಡಿದರು. ಮೊದಲ ಹಂತದಲ್ಲಿ ಒಂದೂವರೆ ಲಕ್ಷ ಜನರಿಗಾಗಿ ಯೋಜಿಸಿದ ಆ ನಗರದಲ್ಲಿ ಸಚಿವಾಲಯ, ಹೈಕೋರ್ಟು, ವಿಧಾನಸಭೆ, ಪಂಜಾಬ್ ವಿಶ್ವವಿದ್ಯಾಲಯ, ಕಾಲೇಜುಗಳು, ಗ್ರಂಥಾಲಯಗಳು, ನೌಕರರ ವಸತಿಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಏಳುತ್ತಿದ್ದವು. ಅವಕ್ಕೆಲ್ಲ ಮೇಜು, ಕುರ್ಚಿ, ಬೀರು, ಬೆಂಚು ಸಾವಿರಗಟ್ಟಲೆ ಬೇಕಿದ್ದವು. ಕೈಯಲ್ಲಿದ್ದ ಹಣ ಕಡಿಮೆ, ಕಾರ್ಖಾನೆಗಳು ಇಲ್ಲ, ಆದರೆ ನುರಿತ ಬಡಗಿಗಳು ಬೇಕಾದಷ್ಟು ಮಂದಿ. ಹಾಗಾಗಿ ತೇಗ ಮತ್ತು ಶೀಶಮ್ ಮರ, ಬೆತ್ತ, ಸರಳ ಕೀಲುಗಳು, ಪದೇಪದೇ ಬರುವ ಒಂದೇ ಬಗೆಯ ಕಾಲು ಎಂಬ ದಾರಿಯನ್ನು ಜಾನ್ನರೆ ಮತ್ತು ಅವರ ತಂಡದ ಭಾರತೀಯ ವಾಸ್ತುಶಿಲ್ಪಿಗಳು ಹಿಡಿದರು. ಆ ತಂಡದಲ್ಲಿದ್ದ ಊರ್ಮಿಳಾ ಯೂಲಿ ಚೌಧರಿಯವರ ಪಾಲು ಪೀಠೋಪಕರಣಗಳ ವಿನ್ಯಾಸದಲ್ಲಿ ದೊಡ್ಡದು. ಇಂದಿನ ಕ್ಯಾಟಲಾಗುಗಳಲ್ಲಿ ಜಾನ್ನರೆ ಎಂಬ ಒಂದೇ ಹೆಸರು ಕಾಣುವುದು ನನಗೆ ಸರಿ ಎನಿಸುವುದಿಲ್ಲ.

ಕೈವಾರದ ಕಾಲು ಅಂದಕ್ಕಾಗಿ ಬಂದದ್ದಲ್ಲ. ಎರಡು ಕಾಲುಗಳು ಮೇಲೆ ಕೂಡಿ, ಸೀಟಿನ ಮಟ್ಟದಲ್ಲಿ ಅಡ್ಡಪಟ್ಟಿಯೊಂದು ಅವನ್ನು ಹಿಡಿದಾಗ ಅಲ್ಲೊಂದು ತ್ರಿಕೋನವಾಗುತ್ತದೆ. ಕೂತವರು ಹಿಂದಕ್ಕೆ ಒರಗಿ ತೂಗಿದರೂ ತ್ರಿಕೋನ ಸುಲಭಕ್ಕೆ ಆಕಾರ ಕೆಡಿಸಿಕೊಳ್ಳುವುದಿಲ್ಲ. ಆ ಒಂದು ಬದಿಯ ಚೌಕಟ್ಟನ್ನು ಕಲಿತ ಬಡಗಿ ಅದನ್ನೇ ಕುರ್ಚಿಗೂ ಮೇಜಿಗೂ ಬೆಂಚಿಗೂ ಅಳತೆ ಬದಲಿಸಿ ಬಳಸಬಹುದಿತ್ತು. ಬೇರೆಬೇರೆ ಕಾರ್ಯಾಗಾರಗಳು ಹಲವು ವರ್ಷಗಳ ಕಾಲ ಹೀಗೆ ಮಾಡುತ್ತ ಹೋದದ್ದರಿಂದ ಒಂದೇ ಮಾದರಿಯ ಎರಡು ಹಳೆಯ ಕುರ್ಚಿಗಳನ್ನು ಪಕ್ಕಪಕ್ಕ ಇಟ್ಟರೆ ಕಾಲಿನ ದಪ್ಪ, ಒರಗಿನ ಓರೆ, ಕೈಯಾಸರೆಯ ಅಗಲ ತುಸು ಹೆಚ್ಚುಕಡಿಮೆ ಇರುತ್ತವೆ. ಇದನ್ನು ಕೊಳ್ಳುವವರು ನೆನಪಿಡಬೇಕು: ‘ಮೂಲ ಅಳತೆ’ ಎಂದು ಒಂದೇ ಒಂದು ಅಳತೆ ಇಲ್ಲ. ಮರುತಯಾರಿ ಮಾಡುವ ಪ್ರತಿಯೊಬ್ಬರೂ ಹಲವು ಅಳತೆಗಳ ನಡುವೆ ಒಂದನ್ನು ಆಯ್ದುಕೊಂಡಿರುತ್ತಾರೆ.

ಹಳೆಯ ಕುರ್ಚಿ

ದಶಕಗಳ ಬಳಕೆಯಿಂದ ಸವೆದ ಈ ಕುರ್ಚಿಗಳನ್ನು ಕಚೇರಿಗಳು ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದವು. ತಾರಸಿಗಳ ಮೇಲೆ, ಹಿತ್ತಿಲುಗಳಲ್ಲಿ ರಾಶಿ ಬಿದ್ದವು. ಪ್ಯಾರಿಸ್‌ನ ಗ್ಯಾಲರಿಗಳ ವ್ಯಾಪಾರಿಗಳು ಬಂದು ಅವನ್ನು ಕೊಂಡು, ದುರಸ್ತಿ ಮಾಡಿಸಿ, ಯುರೋಪು ಅಮೆರಿಕಗಳ ಸಂಗ್ರಾಹಕರಿಗೆ ಮಾರಿದ ಮೇಲೆ ಬೆಲೆ ಆಕಾಶಕ್ಕೇರಿತು. ವಿದೇಶದ ಹರಾಜುಗಳಲ್ಲಿ ಇವು ಈಗ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತವೆ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಚಂಡೀಗಢದ ಪಾರಂಪರಿಕ ಪೀಠೋಪಕರಣಗಳ ಮಾರಾಟ ಮತ್ತು ಹರಾಜಿಗೆ ಕಡಿವಾಣ ಹಾಕಿತು. ಅಲ್ಲಿನ ಆಡಳಿತ ಪಟ್ಟಿಮಾಡಿದ ವಸ್ತುಗಳು ಹನ್ನೆರಡು ಸಾವಿರಕ್ಕೂ ಹೆಚ್ಚು. ಆದರೆ 1972ರ ಪುರಾತನ ವಸ್ತುಗಳ ಕಾಯ್ದೆ ಇಂಥ ವಸ್ತುಗಳಿಗೆ ನೂರು ವರ್ಷದ ವಯಸ್ಸನ್ನು ಕೇಳುತ್ತದೆ. ಎಪ್ಪತ್ತು ವರ್ಷದ ಕುರ್ಚಿ ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಕಚೇರಿಯಲ್ಲಿ ಉಳಿದದ್ದಕ್ಕೆ ಕಾವಲಿದೆ, ಆಗಲೇ ಹೊರಬಿದ್ದದ್ದು ಮಾರುಕಟ್ಟೆಯಲ್ಲಿ ಕೈ ಬದಲಿಸುತ್ತಲೇ ಇದೆ. ಕಚೇರಿಗಳಿಂದ ಕಳುವಾದ ಕುರ್ಚಿಗಳೂ ಆ ಮಾರುಕಟ್ಟೆಗೆ ಬಂದಿವೆ.

ಆದ್ದರಿಂದ ಹಳೆಯ ಕುರ್ಚಿ ಕೊಳ್ಳುವವರು ಮೊದಲು ಕೇಳಬೇಕಾದ್ದು ಕಾಗದ: ಯಾವ ಸಂಸ್ಥೆ, ಯಾವ ವರ್ಷ, ಯಾವ ಹರಾಜಿನಲ್ಲಿ ವಿಲೇವಾರಿ ಮಾಡಿತು ಎಂಬುದರ ದಾಖಲೆ. ಒರಗಿನ ಹಿಂದೆ ಬಿಳಿ ಬಣ್ಣದಲ್ಲಿ ಇಲಾಖೆಯ ಹೆಸರು, ನಂಬರು ಬರೆದಿದೆ ಎಂಬುದಷ್ಟೇ ಸಾಕ್ಷಿಯಲ್ಲ. ಅದನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಬರೆಯಬಹುದು. ಕುರ್ಚಿಯನ್ನು ಮಗುಚಿ ಹಾಕಿ ಕಾಲಿನ ತುದಿಗಳನ್ನು ನೋಡಿ. ನಿಜವಾಗಿ ಸಿಮೆಂಟು ನೆಲದ ಮೇಲೆ ಮೂವತ್ತು ನಲವತ್ತು ವರ್ಷ ಎಳೆದಾಡಿದ ಕಾಲು ಹೊರ ಅಂಚಿನಲ್ಲಿ ಹೆಚ್ಚು ಸವೆದು, ನಾರುನಾರಾಗಿ, ಕಪ್ಪಾಗಿರುತ್ತದೆ. ಹಳತಾಗಿ ಕಾಣಲೆಂದು ಉಜ್ಜಿದ ಕಾಲು ನಾಲ್ಕೂ ಕಡೆ ಸಮವಾಗಿ ಸವೆದಿರುತ್ತದೆ. ಬೆತ್ತ ಹೊಸದಾಗಿದ್ದರೂ ಬೆತ್ತ ದಾಟುವ ತೂತುಗಳ ಅಂಚು ಹಲವು ಬಾರಿಯ ನೇಯ್ಗೆಯಿಂದ ನುಣುಪಾಗಿರಬೇಕು.

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಮಾರುಕಟ್ಟೆಗೆ ಬರುವ ಹಳೆಯ ಕುರ್ಚಿಗಳಲ್ಲಿ ಎಷ್ಟೋ ಪೂರ್ತಿ ಉಪ್ಪುಕಾಗದ ತಿಂದು, ಹೊಸ ಪಾಲಿಶ್ ಬಳಿಸಿಕೊಂಡು, ಒಂದೆರಡು ಕಾಲು ಬದಲಾಗಿ, ಹೊಸ ಬೆತ್ತ ತೊಟ್ಟು ಬಂದಿರುತ್ತವೆ. ಹಾಗೆ ಬಂದಾಗ ಕೊಳ್ಳುವವರು ಕೊಡುವ ದೊಡ್ಡ ಮೊತ್ತ ಕುರ್ಚಿಗಲ್ಲ, ಅದರ ಕಥೆಗೆ. ಮನೆಯಲ್ಲಿ ದಿನವೂ ಕೂರಲು ಕುರ್ಚಿ ಬೇಕೆನ್ನುವವರಿಗೆ ಈ ದಾರಿಯನ್ನು ನಾನು ಹೇಳುವುದಿಲ್ಲ. ಇತಿಹಾಸವನ್ನು ಓದಿ, ದಾಖಲೆ ಪರೀಕ್ಷಿಸಿ, ಆ ವಸ್ತುವನ್ನು ಜೋಪಾನ ಮಾಡುವ ಮನಸ್ಸಿದ್ದವರಿಗೆ ಮಾತ್ರ ಇದು ಸರಿ.

ಇಟಲಿಯದೋ, ಬೆಂಗಳೂರಿನದೋ

1927ರಲ್ಲಿ ಮೇದಾ ಊರಿನಲ್ಲಿ ಶುರುವಾದ ಇಟಲಿಯ ಕಾಸಿನಾ ಕಂಪನಿ ಲೆ ಕಾರ್ಬೂಸಿಯೇ, ಜಾನ್ನರೆ ಮತ್ತು ಶಾರ್ಲೊಟ್ ಪೆರಿಯಾಂ ಸೇರಿ ರೂಪಿಸಿದ ಉಕ್ಕಿನ ಕೊಳವೆಯ ಕುರ್ಚಿಗಳನ್ನು 1960ರ ದಶಕದಿಂದ ತಯಾರಿಸುತ್ತ ಬಂದಿದೆ. 2019ರಲ್ಲಿ ಅದು ಚಂಡೀಗಢದ ಪೀಠೋಪಕರಣಗಳಿಂದ ಹೊರಟ ಒಂದು ಸಂಗ್ರಹವನ್ನು ‘ಒಮಾಜ್ ಆ ಪಿಯೇರ್ ಜಾನ್ನರೆ’, ಅಂದರೆ ‘ಪಿಯೇರ್ ಜಾನ್ನರೆಗೆ ಗೌರವ’ ಎಂಬ ಹೆಸರಿನಲ್ಲಿ ಹೊರತಂದಿತು. ಆ ಹೆಸರನ್ನು ಗಮನಿಸಬೇಕು: ಮೂಲದ ಪಡಿಯಚ್ಚು ಎಂದು ಅದು ಹೇಳಿಕೊಳ್ಳುವುದಿಲ್ಲ. ತೇಗವಲ್ಲದೆ ಓಕ್ ಮರದಲ್ಲೂ ಅಲ್ಲಿನ ಕುರ್ಚಿಗಳು ಸಿಗುತ್ತವೆ. ಅಂಚುಗಳು ಕರಾರುವಾಕ್ಕು, ಒಂದು ಕುರ್ಚಿಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವೂ ಕಾಣದು.

ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಸಂಸ್ಥೆಯ ಕೆಲಸ ಬೇರೆ ಬಗೆಯದು. ಇಲ್ಲಿ ತೇಗ ಮತ್ತು ಬೆತ್ತದಲ್ಲಿ, ಬಡಗಿಗಳ ಮತ್ತು ಬೆತ್ತ ನೇಯುವವರ ಕೈಯಲ್ಲಿ ಚಂಡೀಗಢದ ಮಾದರಿಗಳು ಮತ್ತೆ ರೂಪುಗೊಳ್ಳುತ್ತವೆ. ಇಲ್ಲಿ ತಯಾರಾದವು ಹೊರದೇಶಗಳಿಗೂ ಹೋಗುತ್ತವೆ. ಮೊದಲ ಕುರ್ಚಿಗಳು ಎಂಥ ಕೈಗಳಿಂದ, ಎಂಥ ಸಾಮಗ್ರಿಯಿಂದ ಬಂದವೋ ಅದೇ ಬಗೆಯ ಕೈ ಮತ್ತು ಸಾಮಗ್ರಿ ಇಲ್ಲಿಯೂ ಇವೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಚಂಡೀಗಢದಲ್ಲಿ ಕಡಿಮೆ ಬೆಲೆಗೆ, ಬೇಗ, ಬಹಳ ಸಂಖ್ಯೆಯಲ್ಲಿ ಮಾಡಿದ್ದನ್ನು ಇಲ್ಲಿ ನಿಧಾನವಾಗಿ, ಆಯ್ದ ಮರದಲ್ಲಿ, ಮೂಲದಲ್ಲಿ ಇಲ್ಲದ ನಯದಿಂದ ಮಾಡುತ್ತಾರೆ. ಕಚೇರಿಯ ಒರಟು ಕುರ್ಚಿಯನ್ನು ಕಂಡವರಿಗೆ ಈ ನಯ ತುಸು ಅಪರಿಚಿತ ಎನಿಸಬಹುದು. ದಿನವೂ ಕೈಯಿಡುವ ಕೈಯಾಸರೆಯ ಮಟ್ಟಿಗೆ ನಾನು ನಯವನ್ನೇ ಆರಿಸುತ್ತೇನೆ.

ಕರ್ನಾಟಕದಲ್ಲಿ ಇರುವವರಿಗೆ ಈ ಎರಡರ ನಡುವೆ ಆಯ್ಕೆ ಕಷ್ಟವಲ್ಲ. ಇಟಲಿಯಿಂದ ಬರುವ ಕುರ್ಚಿಗೆ ಆಮದು ಸುಂಕ ಮತ್ತು ಸಾಗಣೆ ಸೇರುತ್ತವೆ. ಅದಕ್ಕಿಂತ ಮುಖ್ಯವಾಗಿ, ಮುರಿದ ಭಾಗಕ್ಕಾಗಿ ಸಮುದ್ರದಾಚೆ ಪತ್ರ ಬರೆಯಬೇಕಾಗುತ್ತದೆ. ಬೆಂಗಳೂರಿನಲ್ಲಿ ತಯಾರಾದ ಕುರ್ಚಿಯನ್ನು ಮಾಡಿದವರ ಬಳಿಗೇ ಒಯ್ಯಬಹುದು, ಅದೂ ಆಗದಿದ್ದರೆ ಅದರ ಕೀಲುಗಳನ್ನು ಬಲ್ಲ ಬಡಗಿ ಯಾವ ತಾಲ್ಲೂಕಿನಲ್ಲಾದರೂ ಸಿಗುತ್ತಾನೆ. ಯುರೋಪಿನಲ್ಲಿ ನೆಲೆಸಿದ ಕನ್ನಡಿಗರಿಗೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಪೀಠೋಪಕರಣದಂಥ ಅನ್ವಯಿಕ ಕಲೆಗೂ ಕರ್ತೃ ತೀರಿಕೊಂಡ ಮೇಲೆ 70 ವರ್ಷ ಹಕ್ಕುಸ್ವಾಮ್ಯ ಸಿಗುವ ಅವಕಾಶವಿದೆ. ಜಾನ್ನರೆ ತೀರಿಕೊಂಡದ್ದು 1967ರಲ್ಲಿ. ಊರಿನಿಂದ ಕುರ್ಚಿ ಸಾಗಿಸುವ ಮುನ್ನ ಆಯಾ ದೇಶದ ನಿಯಮವನ್ನು ತಿಳಿದುಕೊಳ್ಳಬೇಕು. ಶೀಶಮ್ ಮತ್ತು ಬೀಟೆ ಸೇರುವ ಡಾಲ್ಬರ್ಜಿಯಾ ಕುಲದ ಮರಗಳು 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣಪಟ್ಟಿಯಲ್ಲಿವೆ, ಆದ್ದರಿಂದ ಸಾಗಿಸುವುದಿದ್ದರೆ ತೇಗದ್ದೇ ಸುಲಭ.

ಭಾರತದೊಳಗೆ ಈ ಮಾದರಿಯನ್ನು ಮಾಡಿಸಿಕೊಂಡರೆ ತಪ್ಪಾಗುತ್ತದೆಯೇ ಎಂದು ಹಲವರು ಸಂಕೋಚದಿಂದ ಕೇಳುತ್ತಾರೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 15ನೇ ಕಲಮಿನ ಪ್ರಕಾರ, ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದ ಮೇಲೆ ಅದರ ಹಕ್ಕುಸ್ವಾಮ್ಯ ಉಳಿಯುವುದಿಲ್ಲ. ನೋಂದಾಯಿತ ವಿನ್ಯಾಸದ ರಕ್ಷಣೆಯೂ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಸಾರ್ವಜನಿಕ ಹಣದಲ್ಲಿ, ಸಾರ್ವಜನಿಕರಿಗಾಗಿ, ಹತ್ತಾರು ಕಾರ್ಯಾಗಾರಗಳಲ್ಲಿ ಹುಟ್ಟಿದ ಈ ಕುರ್ಚಿಯನ್ನು ಊರಿನ ಬಡಗಿ ಮಾಡುವುದು ಅದರ ಮೊದಲ ಬದುಕಿಗೆ ಹತ್ತಿರವಾದ ಕೆಲಸ ಎಂದು ನಾನು ನಂಬುತ್ತೇನೆ. ಹೊಸದನ್ನು ಹಳೆಯದೆಂದು ಮಾರುವುದು ಮಾತ್ರ ಮೋಸ.

ನಕಲು ಕೊಟ್ಟ ಪಾಠ, ಆಚಾರ್ರು ಕೊಟ್ಟ ಕುರ್ಚಿ

ಊಟದ ಮೇಜಿಗೆಂದು ಕೆಲವು ವರ್ಷಗಳ ಹಿಂದೆ ನಾನು ಆನ್‌ಲೈನ್ ಅಂಗಡಿಯೊಂದರಿಂದ ಇಂಥ ನಾಲ್ಕು ಕುರ್ಚಿಗಳನ್ನು ತರಿಸಿದ್ದೆ. ಚಿತ್ರದಲ್ಲಿ ಕೈವಾರದ ಕಾಲೂ ಬೆತ್ತವೂ ಎಲ್ಲವೂ ಸರಿಯಾಗಿದ್ದವು, ಬೆಲೆಯೂ ಕೈಗೆಟುಕುವಂತಿತ್ತು. ಎರಡನೆಯ ಬೇಸಿಗೆಯಲ್ಲಿ ಒಂದರ ಕಾಲು ಕೈಯಾಸರೆಯ ಹತ್ತಿರ ಬಾಯಿಬಿಟ್ಟಿತು. ನಮ್ಮ ಬೀದಿಯ ಕೊನೆಯಲ್ಲಿ ಮರಗೆಲಸ ಮಾಡುವ ಆಚಾರ್ರು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಿರುಕಿಗೆ ಉಳಿ ಇಟ್ಟು ಮೆಲ್ಲಗೆ ಎಬ್ಬಿಸಿದರು. ಒಳಗೆ ಎರಡು ಸ್ಕ್ರೂ, ಅವುಗಳ ಸುತ್ತ ಗೋಂದಿನಲ್ಲಿ ಕಲಸಿದ ಮರದ ಪುಡಿ. “ಇದಕ್ಕೆ ನಾಲಗೇನೇ ಇಲ್ಲ ಸಾರ್. ಬಿಗಿ ಮಾಡಿಕೊಡ್ತೀನಿ, ಆದರೆ ನಿಲ್ಲೋದಿಲ್ಲ” ಎಂದರು. ಅವರು ಹೇಳಿದ ಹಾಗೆಯೇ ಆಯಿತು.

ನಾಲಗೆ ಎಂದರೆ, ಒಂದು ತುಂಡಿನಲ್ಲಿ ಕೊರೆದ ಗೂಡಿನೊಳಗೆ ಬಿಗಿಯಾಗಿ ಕೂರುವಂತೆ ಇನ್ನೊಂದು ತುಂಡಿನ ತುದಿಯಲ್ಲಿ ಉಳಿಸಿಕೊಳ್ಳುವ ಭಾಗ. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲಗೆಯೂ ಗೂಡೂ ಮರದವೇ ಆದ್ದರಿಂದ ಜೊತೆಯಲ್ಲಿ ಉಬ್ಬಿ ಜೊತೆಯಲ್ಲಿ ಕುಗ್ಗಿ ಹಿಡಿತ ಬಿಡುವುದಿಲ್ಲ. ಸ್ಕ್ರೂ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಪ್ರತಿ ಋತುವಿನಲ್ಲೂ ತನ್ನ ಸುತ್ತಲಿನ ಮರವನ್ನು ಅಷ್ಟಷ್ಟೇ ಪುಡಿಮಾಡುತ್ತ ಹೋಗುತ್ತದೆ. ಕೈವಾರದ ಕಾಲಿನಲ್ಲಂತೂ ಒರಗಿ ಕೂರುವವರ ಭಾರವೆಲ್ಲ ಮೇಲಿನ ಆ ಒಂದು ಕೀಲಿನ ಮೇಲೆ ಬರುತ್ತದೆ. ಅಂಗಡಿಗೆ ಹೋದಾಗ ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ಕಾಲು ಕೈಯಾಸರೆಗೆ ಸೇರುವಲ್ಲಿ ಒಳಗೆ ಏನಿದೆ? ಉತ್ತರ ತಡವರಿಸಿದರೆ ಕುರ್ಚಿಯನ್ನು ಬಿಟ್ಟುಬಿಡಿ.

ನಾಲ್ಕು ನಕಲುಗಳಿಗೆ ಕೊಟ್ಟ ಹಣದ ಸುಮಾರು ಎರಡರಷ್ಟನ್ನು ಕೊಟ್ಟು ಅದೇ ಆಚಾರ್ರಿಂದ ಆಮೇಲೆ ಎರಡು ಕುರ್ಚಿ ಮಾಡಿಸಿದೆ. ಮಾಡಿಸುವವರಿಗೆ ನನ್ನ ಅನುಭವದ ಒಂದೆರಡು ಮಾತು. ತೇಗ ಎಂದಷ್ಟೇ ಹೇಳಿದರೆ ಸಾಲದು. ಕೆಚ್ಚು ಮಾತ್ರ ಬೇಕು, ಅಂಚಿನ ಬಿಳಿ ಮರ ಬೇಡ ಎಂದು ಮೊದಲೇ ಹೇಳಬೇಕು. ತೇಗವನ್ನು ಗೆದ್ದಲು ಮುಟ್ಟದಂತೆ ಕಾಯುವ ಎಣ್ಣೆಯಂಶ ಕೆಚ್ಚಿನಲ್ಲಿದೆ, ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ. ಎಳೆಯ ತೋಟದ ತೇಗದಲ್ಲಿ ಬಿಳಿಯ ಪಾಲು ಹೆಚ್ಚು. ದಾಂಡೇಲಿಯ ಕಡೆಯ ಹಳೆಯ ಮರವೋ, ಕೆಡವಿದ ಮನೆಯ ತೊಲೆಯೋ ಸಿಕ್ಕರೆ ಬಿಡಬೇಡಿ. ಹಳೆಯ ತೊಲೆ ಚೆನ್ನಾಗಿ ಒಣಗಿರುತ್ತದೆ, ಕೊಯ್ಯುವ ಮೊದಲು ಅದರೊಳಗಿನ ಮೊಳೆಗಳನ್ನು ಹುಡುಕಿ ತೆಗೆಯುವ ಕೆಲಸವೊಂದಿರುತ್ತದೆ ಅಷ್ಟೇ. ಆಚಾರ್ರಿಗೆ ಫೋನಿನ ಚಿತ್ರ ತೋರಿಸಿ ಸುಮ್ಮನಾಗಬೇಡಿ, ಏಕೆಂದರೆ ಚಿತ್ರದಲ್ಲಿ ಒರಗಿನ ಓರೆ ಗೊತ್ತಾಗುವುದಿಲ್ಲ. ಕಂದು ಕಾಗದದ ಮೇಲೆ ಪಕ್ಕದ ನೋಟವನ್ನು ಪೂರ್ಣ ಅಳತೆಯಲ್ಲಿ ಬರೆಸಿ, ಅದನ್ನು ಗೋಡೆಗೆ ಅಂಟಿಸಿ, ಮುಂದೆ ಒಂದು ಸ್ಟೂಲು ಇಟ್ಟು ಕೂತು, ಬೆನ್ನು ಎಲ್ಲಿಗೆ ಬರುತ್ತದೆಂದು ನೋಡಿದ ಮೇಲೆಯೇ ನಾವು ಮರ ಕೊಯ್ಯಿಸಿದೆವು. 75 ಸೆಂಟಿಮೀಟರ್ ಎತ್ತರದ ಊಟದ ಮೇಜಿಗೆ ಸೀಟು 43ರಿಂದ 45 ಸೆಂಟಿಮೀಟರ್ ಇರಲಿ. ಕೈಯಾಸರೆ ಮೇಜಿನ ಅಡಿಪಟ್ಟಿಗೆ ತಾಗದೆ ಒಳಗೆ ಹೋಗುತ್ತದೆಯೇ ಎಂಬುದನ್ನು ಕಾಗದದಲ್ಲೇ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಅಮ್ಮ ಕುರ್ಚಿಯ ಮೇಲೂ ಚಕ್ಕಳಮಕ್ಕಳ ಹಾಕಿ ಕೂರುವವರಾದ್ದರಿಂದ ಅವರ ಕುರ್ಚಿಯ ಸೀಟನ್ನು ಮೂರು ಬೆರಳಿನಷ್ಟು ಅಗಲ ಮಾಡಿಸಿದೆವು. ಅಂಥ ಬದಲಾವಣೆಗೆ ಕಂಪನಿಯ ಮರುತಯಾರಿಯಲ್ಲಿ ಎಡೆಯಿಲ್ಲ.

ಪಾಲಿಶ್ ವಿಷಯದಲ್ಲಿ ಹೊಳಪಿಗೆ ಮಾರುಹೋಗಬೇಡಿ. ಪಿಯು, ಅಂದರೆ ಪಾಲಿಯುರಿಥೇನ್ ವಾರ್ನಿಶ್, ಬಳಿದ ಮರ ಮೊದಲ ದಿನ ಕನ್ನಡಿಯಂತಿರುತ್ತದೆ, ಗೀರು ಬಿದ್ದರೆ ಪೂರ್ತಿ ಕೆರೆದು ಮತ್ತೆ ಬಳಿಯಬೇಕು. ಅರಗಿನ ಫ್ರೆಂಚ್ ಪಾಲಿಶ್ ಅಥವಾ ಎಣ್ಣೆ ಹಚ್ಚಿದ ಮರದಲ್ಲಿ ಗೀರು ಬಿದ್ದ ಜಾಗವನ್ನಷ್ಟೇ ಮನೆಯಲ್ಲೇ ಸರಿಪಡಿಸಬಹುದು.

ಬೆತ್ತ

ಈ ಕುರ್ಚಿಗಳ ಹೋಲಿಕೆಯಲ್ಲಿ ಬೆತ್ತಕ್ಕೆ ಸಿಗಬೇಕಾದ ಗಮನ ಸಿಗುವುದೇ ಇಲ್ಲ, ಆದರೆ ಮೊದಲು ಸೋಲುವುದು ಬೆತ್ತವೇ. ಬೆತ್ತದ ಸೀಟಿನಲ್ಲಿ ಎರಡು ಬಗೆ. ಒಂದರಲ್ಲಿ ಚೌಕಟ್ಟಿನ ಸುತ್ತ ಸಾಲಾಗಿ ತೂತು ಕೊರೆದು, ಒಂದೊಂದೇ ಎಳೆಯನ್ನು ಅವುಗಳ ಮೂಲಕ ದಾಟಿಸಿ, ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಎರಡು ಓರೆಗಳಲ್ಲಿ ಕೈಯಿಂದ ನೇಯುತ್ತಾರೆ. ಎಂಟು ಮೂಲೆಯ ಚಿಕ್ಕಚಿಕ್ಕ ಕಣ್ಣುಗಳು ಮೂಡುತ್ತವೆ. ಇನ್ನೊಂದರಲ್ಲಿ ಯಂತ್ರದಲ್ಲಿ ನೇಯ್ದ ಬೆತ್ತದ ಹಾಳೆಯನ್ನು ಅಳತೆಗೆ ಕತ್ತರಿಸಿ, ಚೌಕಟ್ಟಿನ ಸುತ್ತ ಕೊರೆದ ತೋಡಿನಲ್ಲಿ ಗೋಂದು ಹಾಕಿ ಒತ್ತಿ ಕೂರಿಸುತ್ತಾರೆ. ಮೇಲಿನಿಂದ ಎರಡೂ ಒಂದೇ ಎನಿಸುತ್ತವೆ. ಕುರ್ಚಿಯನ್ನು ಮಗುಚಿ ನೋಡಿ: ತೂತುಗಳ ಸಾಲು ಮತ್ತು ಗಂಟುಗಳು ಕಂಡರೆ ಕೈನೇಯ್ಗೆ, ಏನೂ ಕಾಣದಿದ್ದರೆ ಹಾಳೆ. ಹಾಳೆ ಒಂದು ಕಡೆ ಹರಿದರೆ ಪೂರ್ತಿ ಕಿತ್ತು, ತೋಡಿನ ಗೋಂದನ್ನೆಲ್ಲ ಕೆರೆದು, ಹೊಸದನ್ನು ಹಾಕಬೇಕು. ಕೈನೇಯ್ಗೆಯಲ್ಲಿ ಭಾರ ಪ್ರತಿ ತೂತಿಗೂ ಹಂಚಿಹೋಗುವುದರಿಂದ ಅದು ಬಹುಕಾಲ ಬಾಳುತ್ತದೆ, ಹರಿದಾಗ ಬರಿ ಕೈ ಮತ್ತು ಒಂದು ದಬ್ಬಳ ಇದ್ದರೆ ಸಾಕು. ಪ್ಲಾಸ್ಟಿಕ್ ಬೆತ್ತವನ್ನು ಬಾಲ್ಕನಿಗೆ ಒಪ್ಪಬಹುದು. ಒಳಗೆ ಬೇಡ, ಅದು ಬೆವರನ್ನು ಹೀರುವುದಿಲ್ಲ.

ಭಾರತದ ಸರ್ಕಾರಿ ಕಚೇರಿಗಳಲ್ಲಿ ಕುರ್ಚಿಗೆ ಮತ್ತೆ ಬೆತ್ತ ಹಾಕುವ ಕೆಲಸವನ್ನು ಅಂಧರಿಗೆ ಮೀಸಲಾದ ಉದ್ಯೋಗಗಳಲ್ಲಿ ಒಂದಾಗಿ ಗುರುತಿಸಿದ್ದರು. ಅಂಧರ ತರಬೇತಿ ಶಾಲೆಗಳಲ್ಲಿ ಅದನ್ನು ಕಲಿಸುತ್ತಿದ್ದರು. ನಮ್ಮ ಮನೆಯ ಕುರ್ಚಿಗಳಿಗೆ ಬೆತ್ತ ಹಾಕಿಕೊಟ್ಟವರೂ ಅಂಥ ಒಬ್ಬ ಹಿರಿಯರು. ನೀರಿನಲ್ಲಿ ನೆನೆಹಾಕಿದ ಎಳೆಗಳನ್ನು ಹೆಗಲ ಮೇಲೆ ಹಾಕಿಕೊಂಡು, ಹೆಬ್ಬೆರಳಿನ ಉಗುರಿನಿಂದ ಬೆತ್ತದ ನುಣುಪು ಬದಿ ಯಾವುದೆಂದು ಸವರಿ ತಿಳಿದು, ಎಳೆಯನ್ನು ತೂತಿಗೆ ದಾಟಿಸಿ, ಎಳೆದು, ಹೊರಬಾರದಂತೆ ಗೂಟವೊಂದನ್ನು ಸಿಕ್ಕಿಸುತ್ತಿದ್ದರು. ನಾಲ್ಕು ಸಾಲಿಗೊಮ್ಮೆ ನಡುಬೆರಳಿನಿಂದ ಸೀಟನ್ನು ಬಡಿದು ಕೇಳುತ್ತಿದ್ದರು. ಸದ್ದು ಮಂದವಾಗಿದ್ದರೆ ಹಿಂದಿನ ಎಳೆಯನ್ನು ಬಿಚ್ಚಿ ಮತ್ತೆ ಎಳೆಯುತ್ತಿದ್ದರು. ಒಂದು ಸೀಟಿಗೆ ಒಂದೂವರೆ ದಿನ ಹಿಡಿಯಿತು. ಒಣಗಿದ ಮೇಲೆ ನಾನು ಬಡಿದು ನೋಡಿದಾಗ ಅದು ತಮಟೆಯಂತೆ ನುಡಿಯಿತು. ಹೊಸ ಕುರ್ಚಿ ಕೊಳ್ಳುವಾಗಲೂ ನಾನು ಈಗ ಸೀಟನ್ನು ಹೀಗೇ ಬಡಿದು ನೋಡುತ್ತೇನೆ.

ಇಂಥವರು ಪ್ರತಿ ಊರಲ್ಲೂ ಇಲ್ಲ ಎಂಬುದು ನಿಜ. ಕುರ್ಚಿಗೆ ಹಣ ಕೊಡುವ ಮುನ್ನ ನಿಮ್ಮ ಜಿಲ್ಲೆಯಲ್ಲಿ ಬೆತ್ತ ನೇಯುವವರನ್ನು ಹುಡುಕಿ ಮಾತಾಡಿಸಿ. ಯಾರೂ ಸಿಗದಿದ್ದರೆ ಇದೇ ಮಾದರಿಗಳಲ್ಲಿ ದಿಂಬಿನ ಸೀಟಿನವೂ ಇವೆ, ಅವನ್ನು ನೋಡಿ.

ಬೇರೆ ಕಟ್ಟಡಗಳ ಮರ

ಸಾರ್ವಜನಿಕ ಕಟ್ಟಡಗಳಿಗಾಗಿ ಹುಟ್ಟಿ ಇಂದಿಗೂ ತಯಾರಾಗುತ್ತಿರುವ ಮರದ ಪೀಠೋಪಕರಣ ಚಂಡೀಗಢದ್ದೊಂದೇ ಅಲ್ಲ. ಫಿನ್ಲೆಂಡಿನ ಆಲ್ವಾರ್ ಆಲ್ಟೊ ಪೈಮಿಯೊದ ಕ್ಷಯರೋಗದ ಆಸ್ಪತ್ರೆಗಾಗಿ ರೂಪಿಸಿದ ಬಾಗಿದ ಪ್ಲೈವುಡ್ಡಿನ ಕುರ್ಚಿಯಲ್ಲಿ, ಒರಗಿನ ಓರೆ ರೋಗಿಯ ಉಸಿರಾಟಕ್ಕೆ ಅನುಕೂಲವಾಗಲೆಂದು ಗೊತ್ತುಮಾಡಿದ್ದು. 1933ರ ಅವರ ಮೂರು ಕಾಲಿನ ಸ್ಟೂಲು ವೀಪುರಿ ಗ್ರಂಥಾಲಯದಲ್ಲಿ ಸಾಲುಸಾಲಾಗಿ ಬಳಕೆಯಾಯಿತು. 1935ರಲ್ಲಿ ಆಲ್ಟೊ ದಂಪತಿಗಳು ಗೆಳೆಯರೊಂದಿಗೆ ಸೇರಿ ಕಟ್ಟಿದ ಆರ್ಟೆಕ್ ಸಂಸ್ಥೆ ಅದನ್ನು ಇಂದಿಗೂ ಫಿನ್ಲೆಂಡಿನಲ್ಲಿ ಮಾಡುತ್ತಿದೆ. ಹಾಗಾಗಿ ಅದರ ವಿಷಯದಲ್ಲಿ ಹಳೆಯದು, ಮರುತಯಾರಿ ಎಂಬ ಗೊಂದಲವೇ ಏಳುವುದಿಲ್ಲ. ಒಂದರ ಮೇಲೊಂದು ಪೇರಿಸಿಡಬಹುದಾದ್ದರಿಂದ ಚಿಕ್ಕ ಫ್ಲ್ಯಾಟಿಗೆ ಬಹಳ ಚೆನ್ನ. ಆದರೆ ಅದು ಬರ್ಚ್ ಮರದ್ದು. ಬರ್ಚ್‌ಗೆ ಗೆದ್ದಲನ್ನೂ ತೇವವನ್ನೂ ತಡೆಯುವ ಗುಣವಿಲ್ಲ. ಮಂಗಳೂರು, ಕಾರವಾರದ ಮನೆಗಳಿಗೆ ನಾನು ಅದನ್ನು ಸೂಚಿಸಲಾರೆ. ಡೆನ್ಮಾರ್ಕಿನ ಕಾರೆ ಕ್ಲಿಂಟ್ 1914ರಲ್ಲಿ ಫೋಬೋರ್ ವಸ್ತುಸಂಗ್ರಹಾಲಯಕ್ಕಾಗಿ ಮಾಡಿದ ಕುರ್ಚಿಯಲ್ಲೂ ಬೆತ್ತವಿದೆ. ಚಿತ್ರ ನೋಡಲು ಬಂದವರು ಸುಲಭವಾಗಿ ಎತ್ತಿಕೊಂಡು ಹೋಗಿ ಬೇಕಾದ ಕಡೆ ಇಟ್ಟು ಕೂರುವಷ್ಟು ಹಗುರವಾಗಿರಲೆಂದು ಮಾಡಿದ್ದು ಅದು. ಈಗ ಅದನ್ನು ಕಾರ್ಲ್ ಹ್ಯಾನ್ಸನ್ ಕಂಪನಿ ಮಾಡುತ್ತದೆ. ಸೊಗಸಿನಲ್ಲಿ ಅದು ಚಂಡೀಗಢದ ಕುರ್ಚಿಗಿಂತ ಒಂದು ಕೈ ಮೇಲು. ಬಾಗಿದ ಒರಗಿನ ಬೆತ್ತವನ್ನು ನಮ್ಮಲ್ಲಿ ಮತ್ತೆ ಹಾಕಿಸುವುದು ಮಾತ್ರ ಕಷ್ಟದ ಕೆಲಸ.

ಯಾರಿಗೆ ಯಾವುದು

ಬಜೆಟ್ ಇದ್ದು, ಒಂದೆರಡು ಒಳ್ಳೆಯ ಕುರ್ಚಿ ಸಾಕೆನ್ನುವವರು ಬೆಂಗಳೂರಿನ ಮರುತಯಾರಿಯನ್ನು ಕೊಳ್ಳಲಿ. ಊಟದ ಮೇಜಿಗೆ ಆರು ಬೇಕು, ಬಲ್ಲ ಆಚಾರ್ರು ಇದ್ದಾರೆ, ಎರಡು ಮೂರು ತಿಂಗಳು ಕಾಯುವ ವ್ಯವಧಾನವಿದೆ ಎನ್ನುವವರು ಮಾಡಿಸಿಕೊಳ್ಳಲಿ. ಮೊದಲು ಒಂದನ್ನು ಮಾತ್ರ ಮಾಡಿಸಿ, ಒಂದು ತಿಂಗಳು ಕೂತು ನೋಡಿ, ಆಮೇಲೆ ಉಳಿದ ಐದಕ್ಕೆ ಮುಂಗಡ ಕೊಡಲಿ. ಹಣ ಕಡಿಮೆಯಿದ್ದರೆ ಅಗ್ಗದ ನಾಲ್ಕು ನಕಲಿಗಿಂತ, ಶಾಲೆ, ಕಚೇರಿಗಳ ಹರಾಜಿನಲ್ಲಿ ಬರುವ ಹೆಸರಿಲ್ಲದ ಹಳೆಯ ತೇಗದ ಬೆತ್ತದ ಕುರ್ಚಿಗಳನ್ನು ತಂದು ಬೆತ್ತ ಹಾಕಿಸುವುದು ಎಷ್ಟೋ ಮೇಲು. ಅವಕ್ಕೆ ಕೈವಾರದ ಕಾಲಿರುವುದಿಲ್ಲ, ನಾಲಗೆ ಇರುತ್ತದೆ.

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ಬೂಷ್ಟು ಬೆತ್ತಕ್ಕೆ ಶತ್ರು. ಬಿಸಿಲು ಬಿದ್ದ ದಿನ ಒಣಬಟ್ಟೆಯಿಂದ ಒರೆಸಿ ಗಾಳಿಗೆ ಇಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ, ಎಸಿ ಹಾಕಿದ ಕೋಣೆಗಳಲ್ಲಿ, ಹಾಗೆಯೇ ಚಳಿದೇಶಗಳ ಹೀಟರಿನ ಮನೆಗಳಲ್ಲಿ ಬೆತ್ತ ಒಣಗಿ ಸೀಳುತ್ತದೆ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯನ್ನು ಸೀಟಿನ ಕೆಳಬದಿಗೆ ಒತ್ತಿ, ಆ ದಿನ ಯಾರೂ ಕೂರದಂತೆ ನೆರಳಲ್ಲಿ ಬಿಟ್ಟರೆ ಜೋತ ಬೆತ್ತ ಮತ್ತೆ ಬಿಗಿಯಾಗುತ್ತದೆ. ಬಲ್ಬು ಬದಲಿಸಲೋ ಜೇಡರ ಬಲೆ ತೆಗೆಯಲೋ ಈ ಕುರ್ಚಿಯ ಮೇಲೆ ಹತ್ತಿ ನಿಲ್ಲಬಾರದೆಂದು ಮನೆಯ ಎಲ್ಲರಿಗೂ ಹೇಳಿಡಿ; ನೂರು ಜನ ಕೂತರೂ ತಡೆಯುವ ಬೆತ್ತ ಒಂದು ಹಿಮ್ಮಡಿಗೆ ಹರಿಯುತ್ತದೆ. ನಾನು ಸೀಟಿನ ಅಡಿಯ ಪಟ್ಟಿಯ ಮೇಲೆ ಬೆತ್ತ ಹಾಕಿಸಿದ ತಿಂಗಳು, ವರ್ಷ ಮತ್ತು ಹಾಕಿದವರ ಫೋನ್ ನಂಬರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.